ಕೀಲಿಗೆ 'ನಾಳೆ ಬಾ' ಅಂದಿದ್ದೆ

ನಮ್ಮ ಮನೆ ಇರುವುದು ಮೇಗರವಳ್ಳಿ ಹತ್ತಿರ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ಬಸ್ಸಿನಲ್ಲಿ ಬಂದು, ಇಳಿದು, ತೋಟದ ನಡುವೆ ಸ್ವಲ್ಪ ನಡೆಯಬೇಕು. ಇಲ್ಲಿಯ ಮಳೆಯ ಬಗ್ಗೆ ಯಾರಿಗೂ ಹೊಸದಾಗಿ ಹೇಳಬೇಕಾಗಿಲ್ಲ. ಆದರೆ ನಮ್ಮ ಅಪ್ಪಯ್ಯನಿಗೆ ಅದು ಅಂಕಿಯಲ್ಲೇ ಬೇಕಿತ್ತು. ಅಂಗಳದ ಮೂಲೆಯಲ್ಲಿ ಒಂದು ಮಳೆಮಾಪಕ ನೆಟ್ಟಿದ್ದರು. ದಿನಾ ಬೆಳಿಗ್ಗೆ ಎಂಟೂವರೆಗೆ ಕೊಡೆ ಹಿಡಿದುಕೊಂಡು ಹೋಗಿ, ನೀರು ಅಳೆದು, ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ಬರೆಯುತ್ತಿದ್ದರು. ಪಕ್ಕದಲ್ಲಿ ಮಳೆ ನಕ್ಷತ್ರ. ಮೃಗಶಿರ, ಆರಿದ್ರಾ, ಪುನರ್ವಸು. ಒಮ್ಮೊಮ್ಮೆ ಒಂದು ಸಾಲು: "ಕೊಳೆ ಶುರು", "ಎರಡನೇ ಸಲ ಮದ್ದು ಹೊಡೆದಾಯ್ತು", "ಸಂಕ ಹೋಯ್ತು". ಕೊಳೆ ಅಂದರೆ ಅಡಕೆಗೆ ಬರುವ ರೋಗ, ಸಂಕ ಅಂದರೆ ಹಳ್ಳ ದಾಟುವ ಕಾಲುಸೇತುವೆ.

2011ರಲ್ಲಿ ನಾನು ಕಂಪ್ಯೂಟರ್ ತಂದೆ. ವಿಂಡೋಸ್ 7, ಪ್ರೊಫೆಷನಲ್. ಅಡಕೆ ಲೆಕ್ಕಕ್ಕೆ ಅಂತ ತಂದಿದ್ದು. ಆದರೆ ಆ ಮಳೆಗಾಲ ಪೂರ್ತಿ ಕೂತು ಅಪ್ಪಯ್ಯನ ಪುಸ್ತಕಗಳನ್ನೆಲ್ಲ ಎಕ್ಸೆಲ್‌ಗೆ ಏರಿಸಿದೆ. 1984ರಿಂದ ಇತ್ತು. ಏರಿಸಿದ್ದು ಒಳ್ಳೆಯದೇ ಆಯಿತು. ಮರುವರ್ಷ ಪುಸ್ತಕ ಇಟ್ಟಿದ್ದ ಮರದ ಪೆಟ್ಟಿಗೆಗೆ ಗೆದ್ದಲು ಹತ್ತಿತು. ಅಷ್ಟರಲ್ಲಿ ಅಪ್ಪಯ್ಯನ ಕೈಯೂ ನಡುಗಲು ಶುರುವಾಗಿತ್ತು. 2013ರಿಂದ ಅವರು ಅಳೆದುಕೊಂಡು ಬಂದು ಜಗಲಿಯಿಂದಲೇ ಕೂಗಿ ಹೇಳುವುದು, ನಾನು ಸೀದಾ ಕಂಪ್ಯೂಟರಿನಲ್ಲಿ ಬರೆದುಕೊಳ್ಳುವುದು. ಪುಸ್ತಕದ ಕೆಲಸ ನಿಂತೇ ಹೋಯಿತು.

ಈಗ ಬೀಗದ ವಿಷಯ. 2012ರಲ್ಲಿ ನಮ್ಮಲ್ಲಿ ಹಿಸ್ಸೆ ಆಯಿತು. ಹಿಸ್ಸೆ ಅಂದ ಮೇಲೆ ಕಾಗದಪತ್ರ ಇರುತ್ತವೆ. ಪಹಣಿ, ನಕ್ಷೆ, ಯಾರಿಗೆ ಎಷ್ಟು ಅನ್ನುವ ಪಟ್ಟಿ. ಎಲ್ಲ ಸ್ಕ್ಯಾನ್ ಮಾಡಿ ಇಟ್ಟಿದ್ದೆ. ಕಂಪ್ಯೂಟರ್ ಇದ್ದದ್ದು ಜಗಲಿಯ ಪಕ್ಕದ ಕೋಣೆಯಲ್ಲಿ. ಬಂದವರೆಲ್ಲ ಒಂದು ಸಲ ಅದರ ಮುಂದೆ ಕೂರುವವರೇ. ಹಾಗಾಗಿ ಡಿ ಡ್ರೈವ್‌ನಲ್ಲಿದ್ದ ನನ್ನ ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್, ಅಡ್ವಾನ್ಸ್ಡ್ ಅಂತ ಹೋಗಿ, 'ಎನ್‌ಕ್ರಿಪ್ಟ್ ಕಂಟೆಂಟ್ಸ್' ಅನ್ನುವ ಚೌಕಕ್ಕೆ ಟಿಕ್ ಹಾಕಿದೆ. ಬೇರೆಯವರು ತೆರೆದು ಓದಲಾಗದ ಹಾಗೆ ಫೈಲಿಗೆ ಹಾಕುವ ಬೀಗ ಅದು. ಫೈಲ್‌ಗಳ ಹೆಸರು ಹಸಿರು ಬಣ್ಣಕ್ಕೆ ತಿರುಗಿದವು. ಮಳೆ ಫೈಲೂ ಅದೇ ಫೋಲ್ಡರಿನಲ್ಲಿತ್ತು. ಅದೂ ಹಸಿರಾಯಿತು. ಮಳೆಯ ಲೆಕ್ಕ ಕದ್ದು ಯಾರು ಏನು ಮಾಡುತ್ತಾರೆ ಅಂತ ಯೋಚಿಸಲೂ ಇಲ್ಲ.

ಆಗ ಪರದೆಯ ಕೆಳಗೆ ಬಲಮೂಲೆಯಲ್ಲಿ ಒಂದು ಸಣ್ಣ ಗುಳ್ಳೆ ಎದ್ದಿತು. ನಿಮ್ಮ ಎನ್‌ಕ್ರಿಪ್ಶನ್ ಕೀಲಿಯ ಬ್ಯಾಕಪ್ ಮಾಡಿಕೊಳ್ಳಿ ಅಂತ. ಒತ್ತಿದರೆ ಮೂರು ದಾರಿ: ಈಗಲೇ ಮಾಡು, ಆಮೇಲೆ ಮಾಡು, ಬೇಡವೇ ಬೇಡ. ನಾನು 'ಆಮೇಲೆ' ಒತ್ತಿದೆ. ಮತ್ತೊಂದು ದಿನ ಅದು ಮತ್ತೆ ಬಂತು. ಮತ್ತೆ 'ಆಮೇಲೆ'. ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದು ದೆವ್ವವನ್ನು ವಾಪಸ್ ಕಳಿಸುತ್ತಿದ್ದರಲ್ಲ, ಥೇಟ್ ಹಾಗೆ. ದೆವ್ವ ನಾಳೆ ಬಂದು ಅದನ್ನೇ ಓದಿಕೊಂಡು ಹೋಗುತ್ತಿತ್ತಂತೆ. ಈ ಗುಳ್ಳೆಯೂ ಹಾಗೆ ಬಂದು ಬಂದು ಹೋಯಿತು. ಕೊನೆಗೆ ಯಾವತ್ತೋ ಕಿರಿಕಿರಿಯಾಗಿ ಮೂರನೆಯದನ್ನು ಒತ್ತಿರಬೇಕು. ಅದು ಬರುವುದು ನಿಂತಿತು.

ಫೈಲ್‌ಗಳ ಬ್ಯಾಕಪ್ ವಿಷಯದಲ್ಲಿ ಮಾತ್ರ ನಾನು ಬಹಳ ಶಿಸ್ತು. ಒಂದು ಹೊರಗಿನ ಹಾರ್ಡ್ ಡಿಸ್ಕ್ ತಂದು ಪ್ರತಿ ಅಮಾವಾಸ್ಯೆಗೆ ಎಲ್ಲ ಕಾಪಿ ಮಾಡುತ್ತಿದ್ದೆ. ಅಮಾವಾಸ್ಯೆ ಯಾಕೆಂದರೆ ನೆನಪಿರುತ್ತದೆ, ಅಷ್ಟೇ.

ಅಪ್ಪಯ್ಯ ಹೋಗಿದ್ದು 2015ರ ಆಶ್ಲೇಷ ಮಳೆಯಲ್ಲಿ.

2016ರ ಏಪ್ರಿಲ್‌ನಲ್ಲಿ ಕಂಪ್ಯೂಟರ್ ತೀರ ನಿಧಾನವಾಯಿತು. ಸ್ವಿಚ್ ಹಾಕಿ, ದನಕ್ಕೆ ಹುಲ್ಲು ಹಾಕಿ ಬಂದರೂ ಇನ್ನೂ ತಿರುಗುತ್ತಲೇ ಇರುತ್ತಿತ್ತು. ಪೆಟ್ಟಿಗೆಯನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ಸಿಗೆ ಹಾಕಿಕೊಂಡು ಶಿವಮೊಗ್ಗಕ್ಕೆ ಹೊರಟೆ. ಮಂಡಗದ್ದೆ, ಸಕ್ರೆಬೈಲು, ಗಾಜನೂರು ದಾಟುವಷ್ಟು ಹೊತ್ತೂ ತೊಡೆಯ ಮೇಲೆಯೇ ಇತ್ತು. ಅಂಗಡಿಯ ಹುಡುಗ ಪುಣ್ಯಾತ್ಮ. ಸಿ ಡ್ರೈವ್ ಫಾರ್ಮ್ಯಾಟ್ ಮಾಡಿ ಹೊಸದಾಗಿ ವಿಂಡೋಸ್ ಹಾಕಿದ. "ನಿಮ್ಮ ಡೇಟಾ ಎಲ್ಲ ಡಿ ಡ್ರೈವ್‌ನಲ್ಲಿದೆ ಸರ್, ಮುಟ್ಟಿಲ್ಲ, ನೋಡ್ಕೊಳಿ" ಅಂದ. ನೋಡಿದೆ. ಎಲ್ಲ ಫೋಲ್ಡರೂ ಇತ್ತು. ಎಲ್ಲ ಹೆಸರೂ ಇತ್ತು. ಅವನು ಹೇಳಿದ್ದರಲ್ಲಿ ಒಂದು ಅಕ್ಷರ ಸುಳ್ಳಿರಲಿಲ್ಲ.

ಮಳೆ ಫೈಲನ್ನು ನಾನು ಬೇಸಿಗೆಯಲ್ಲಿ ತೆಗೆಯುವುದಿಲ್ಲ. ಏಪ್ರಿಲ್ ಹೋಯಿತು, ಮೇ ಹೋಯಿತು. ಅಡ್ಡಮಳೆಗಳನ್ನೆಲ್ಲ ಕ್ಯಾಲೆಂಡರಿನ ಮೇಲೆ ಗೀಚಿ ಇಟ್ಟಿದ್ದೆ. ಜೂನ್‌ನಲ್ಲಿ ಮೃಗಶಿರ ಹಿಡಿದ ಮೇಲೆ ಫೈಲ್ ಒತ್ತಿದೆ. 'ಆಕ್ಸೆಸ್ ಡಿನೈಡ್'. ಪಕ್ಕದ ಫೈಲ್ ಒತ್ತಿದೆ. ಅದೇ. ಹಾರ್ಡ್ ಡಿಸ್ಕ್ ಚುಚ್ಚಿದೆ. ಅಲ್ಲಿಯೂ ಹಸಿರು ಹೆಸರು, ಅಲ್ಲಿಯೂ ಅದೇ ಮಾತು. ನನ್ನ ಮನೆ, ನನ್ನ ಕಂಪ್ಯೂಟರ್, ನನ್ನ ಅಪ್ಪಯ್ಯನ ಮಳೆ. ನನಗೇ ಪ್ರವೇಶವಿಲ್ಲ.

ತಂಗಿಯ ಮಗ ಆಗ ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ. ಫೋನ್ ಮಾಡಿದೆ. ಶನಿವಾರ ಬಂದ. ನೋಡಿ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ.

"ಮಾವ, ಬೀಗದ ಕೈ ಸಿ ಡ್ರೈವ್‌ನಲ್ಲಿತ್ತು."

ಅವನು ಬಿಡಿಸಿ ಹೇಳಿದ್ದು ನನಗೆ ಅರ್ಥವಾದ ಹಾಗೆ ಹೇಳುತ್ತೇನೆ. ಈ ವ್ಯವಸ್ಥೆಗೆ ಇಎಫ್‌ಎಸ್ ಅಂತ ಹೆಸರು. ವಿಂಡೋಸ್ 2000ದ ಕಾಲದಿಂದ ಇದೆ. ಇದರಲ್ಲಿ ಒಂದೊಂದು ಫೈಲಿಗೂ ಒಂದೊಂದು ಬೇರೆ ಬೀಗ. ಆ ಬೀಗಗಳ ಕೈಗಳನ್ನೆಲ್ಲ ಇನ್ನೊಂದು ದೊಡ್ಡ ಕೀಲಿಯಿಂದ ಭದ್ರ ಮಾಡಿರುತ್ತದೆ. ಆ ದೊಡ್ಡ ಕೀಲಿ ನನ್ನ ಹೆಸರಿನ ಖಾತೆಯ ಒಳಗೆ, ಸಿ ಡ್ರೈವ್‌ನಲ್ಲಿ ಕೂತಿರುತ್ತದೆ. ಅದಕ್ಕೆ ಕಾವಲು ನನ್ನ ಲಾಗಿನ್ ಪಾಸ್‌ವರ್ಡ್. ದಿನಾ ಲಾಗಿನ್ ಆದಾಗ ಇದೆಲ್ಲ ತಾನೇ ತೆರೆದುಕೊಳ್ಳುವುದರಿಂದ ಬೀಗ ಇದೆ ಅನ್ನುವುದೇ ಗೊತ್ತಾಗುವುದಿಲ್ಲ. ಸಿ ಡ್ರೈವ್ ಫಾರ್ಮ್ಯಾಟ್ ಆದಾಗ ದೊಡ್ಡ ಕೀಲಿಯೂ ಹೋಯಿತು. ಹೊಸ ವಿಂಡೋಸ್‌ನಲ್ಲಿ ಅದೇ ಹೆಸರು, ಅದೇ ಪಾಸ್‌ವರ್ಡ್ ಕೊಟ್ಟರೂ ಅದಕ್ಕೆ ನಾನು ಬೇರೆಯೇ ಮನುಷ್ಯ.

"ಒಡೆಯೋಕೆ ಆಗಲ್ವಾ?" ಅಂದೆ.

"256 ಬಿಟ್‌ನ ಕೀಲಿ ಮಾವ. ಎಷ್ಟು ಥರ ಇರಬಹುದು ಅಂತ ಬರೆಯೋಕೆ ಹೋದರೆ 78 ಅಂಕಿಯ ಸಂಖ್ಯೆ ಆಗುತ್ತೆ."

ಅಳಿಸಿಹೋದ ಫೈಲ್ ಹುಡುಕುವ ಒಂದು ಪ್ರೋಗ್ರಾಂ ಹಾಕಿ ಎರಡು ರಾತ್ರಿ ಸಿ ಡ್ರೈವ್ ಜಾಲಾಡಿದ. ಹಳೆಯ ಕೀಲಿ ಸಿಕ್ಕಿದ್ದರೆ, ಹಳೆಯ ಪಾಸ್‌ವರ್ಡ್ ನನಗೆ ನೆನಪಿತ್ತು, ಏನಾದರೂ ಮಾಡಬಹುದಿತ್ತಂತೆ. ಆದರೆ ಎರಡು ತಿಂಗಳು ನಾನು ಆ ಕಂಪ್ಯೂಟರಿನಲ್ಲಿ ಕೆಲಸ ಮಾಡಿದ್ದೆ. ಫೋಟೋ ಹಾಕಿದ್ದೆ, ಯಕ್ಷಗಾನದ ವಿಡಿಯೋ ಇಳಿಸಿದ್ದೆ. ಕೀಲಿ ಇದ್ದ ಜಾಗದ ಮೇಲೆ ಏನೇನೋ ಬರೆದುಹೋಗಿತ್ತು. ಶಿವಮೊಗ್ಗದ ಅಂಗಡಿಯಲ್ಲೇ ನಿಂತು ಒಂದೇ ಒಂದು ಫೈಲ್ ತೆರೆದು ನೋಡಿದ್ದರೆ ಏನಾಗುತ್ತಿತ್ತೋ. ಹೆಸರುಗಳನ್ನು ಮಾತ್ರ ನೋಡಿ ಬಂದೆ.

ಕೊನೆಗೆ ಒದಗಿದ್ದು ಒಂದು ಹಳೆಯ ಪೆನ್‌ಡ್ರೈವ್. 4 ಜಿಬಿಯದು. ಇದೇ ಹುಡುಗ ಪಿಯುಸಿಯಲ್ಲಿದ್ದಾಗ, 2013ರ ಬೇಸಿಗೆಯಲ್ಲಿ, ಕಾಲೇಜಿನ ಯಾವುದೋ ಪ್ರಾಜೆಕ್ಟಿಗೆ ಅಂತ ಮಳೆ ಫೈಲ್ ಕಾಪಿ ಮಾಡಿಕೊಂಡು ಹೋಗಿದ್ದ. ಅದು ಎಫ್‌ಎಟಿ 32 ಮಾದರಿಯ ಪೆನ್‌ಡ್ರೈವ್. ಅದರಲ್ಲಿ ಈ ಬೀಗ ನಿಲ್ಲುತ್ತಿರಲಿಲ್ಲ. 'ಬೀಗ ಇಲ್ಲದೆ ಕಾಪಿ ಮಾಡಲೇ?' ಅಂತ ವಿಂಡೋಸ್ ಕೇಳಿದಾಗ ಇವನು ಓದದೆ 'ಎಸ್' ಒತ್ತಿದ್ದ. ನನ್ನ ಹಾರ್ಡ್ ಡಿಸ್ಕ್ ಎನ್‌ಟಿಎಫ್‌ಎಸ್ ಮಾದರಿಯದು. ಬೀಗವನ್ನು ಬೀಗವಾಗಿಯೇ ಉಳಿಸಿಕೊಂಡಿತ್ತು. ಬಟ್ಟೆ ಸುತ್ತಿ ಜೋಪಾನ ಮಾಡಿದ ಪ್ರತಿ ಉಪಯೋಗಕ್ಕೆ ಬರಲಿಲ್ಲ. ಪೆನ್ಸಿಲ್ ಡಬ್ಬಿಯ ತಳದಲ್ಲಿ ಬಿದ್ದಿದ್ದು ಬದುಕಿಸಿತು.

ಬದುಕಿದ್ದು 2012ರ ಮಳೆಗಾಲದವರೆಗೆ. ಅಪ್ಪಯ್ಯ ಜಗಲಿಯಿಂದ ಕೂಗಿ ಹೇಳಿದ ಮೂರು ವರ್ಷ ಇಲ್ಲ. ಆ ಹಸಿರು ಫೈಲ್ ಈಗಲೂ ಹಾರ್ಡ್ ಡಿಸ್ಕಿನಲ್ಲಿದೆ. ಅಳಿಸಿಲ್ಲ.

ಅವತ್ತೇ ಹುಡುಗ ನನಗೆ ಮಾಡಬೇಕಿದ್ದ ಕೆಲಸ ತೋರಿಸಿದ. ಖಾಲಿ ಫೋಲ್ಡರಿನಲ್ಲಿ ಒಂದು ಸುಳ್ಳು ಫೈಲ್ ಮಾಡಿ, ಬೀಗ ಹಾಕಿ, ಸ್ಟಾರ್ಟ್ ಮೆನುವಿನಲ್ಲಿ 'ಸರ್ಟ್‌ಎಂಜಿಆರ್ ಡಾಟ್ ಎಂಎಸ್‌ಸಿ' ಅಂತ ಬರೆದು ಒಂದು ಪಟ್ಟಿ ತೆರೆದ. ಪರ್ಸನಲ್, ಅದರೊಳಗೆ ಸರ್ಟಿಫಿಕೇಟ್ಸ್. ಅಲ್ಲಿ ನನ್ನ ಹೆಸರಿನ ಒಂದು ಸಾಲು. ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಎಕ್ಸ್‌ಪೋರ್ಟ್. ಮೊದಲ ಸಲ ಅವಸರದಲ್ಲಿ ಅವನೂ ತಪ್ಪಿದ. ನೆಕ್ಸ್ಟ್ ನೆಕ್ಸ್ಟ್ ಅಂತ ಒತ್ತಿಕೊಂಡು ಹೋದರೆ ಬರುವುದು 'ಡಾಟ್ ಸಿಇಆರ್' ಅನ್ನುವ ಫೈಲ್. ಅದರಲ್ಲಿ ಬೀಗ ಹಾಕುವ ಭಾಗ ಮಾತ್ರ ಇರುತ್ತದೆ, ತೆಗೆಯುವ ಭಾಗ ಇರುವುದಿಲ್ಲ. ನಡುವೆ 'ಪ್ರೈವೇಟ್ ಕೀಯನ್ನೂ ಸೇರಿಸಲೇ' ಅಂತ ಕೇಳುವಲ್ಲಿ ಹೌದು ಅನ್ನಬೇಕು. ಆಗ ಒಂದು ಪಾಸ್‌ವರ್ಡ್ ಕೇಳಿ 'ಡಾಟ್ ಪಿಎಫ್‌ಎಕ್ಸ್' ಫೈಲ್ ಕೊಡುತ್ತದೆ. ಇದೇ ನಿಜವಾದ ಬೀಗದ ಕೈ. ಸಿಕ್ಕಿತು ಅಂತ ಸುಮ್ನೆ ಇಡಲು ಬಿಡಲಿಲ್ಲ ಹುಡುಗ. ಕಂಪ್ಯೂಟರಿನಲ್ಲಿ ಇನ್ನೊಂದು ಹೆಸರಿನ ಖಾತೆ ಮಾಡಿ, ಅದರಿಂದ ಆ ಸುಳ್ಳು ಫೈಲ್ ಒತ್ತಿಸಿದ. ತೆರೆಯಲಿಲ್ಲ. ಪಿಎಫ್‌ಎಕ್ಸ್ ಫೈಲ್ ಒತ್ತಿ ಪಾಸ್‌ವರ್ಡ್ ಕೊಟ್ಟು ಮತ್ತೆ ಒತ್ತಿಸಿದ. ತೆರೆಯಿತು. ಎಲ್ಲ ಸೇರಿ ಹತ್ತು ನಿಮಿಷ ಹಿಡಿದಿರಬಹುದು.

ಹೊಟ್ಟೆ ಉರಿದು ನಾನು ಆರು ವರ್ಷ ಯಾವ ಬೀಗವನ್ನೂ ಹಾಕಲಿಲ್ಲ.

2022ರಲ್ಲಿ ಲ್ಯಾಪ್‌ಟಾಪ್ ತಂದೆ. ವಿಂಡೋಸ್ 11. ಹುಡುಗ ಅಷ್ಟರಲ್ಲಿ ಬೆಂಗಳೂರು ಸೇರಿದ್ದ. ದೀಪಾವಳಿಗೆ ಬಂದವನು ಎಲ್ಲ ಜೋಡಿಸಿಕೊಟ್ಟ. ಹೊರಡುವ ಮುಂಚೆ "ಮಾವ, ಇದಕ್ಕೆ ಆಗಲೇ ಬೀಗ ಬಿದ್ದಿದೆ" ಅಂದ. ನನಗೆ ಎದೆ ಧಸಕ್ಕೆಂದಿತು. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಹಲವಕ್ಕೆ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ಕೂಡಲೇ ಡಿಸ್ಕ್ ಪೂರ್ತಿ ಬೀಗ ಬೀಳುತ್ತದೆ. ಬಿಟ್‌ಲಾಕರ್. ಕೀಲಿ ಮದರ್‌ಬೋರ್ಡಿಗೆ ಸೇರಿದ ಟಿಪಿಎಂ ಅನ್ನುವ ಚಿಪ್‌ನ ಕಾವಲಿನಲ್ಲಿರುತ್ತದೆ. ದಿನಾ ಅದೇ ತೆಗೆದುಕೊಡುತ್ತದೆ. ಬೋರ್ಡು ಬದಲಾದರೆ, ಕೆಲವು ಸಲ ಕಂಪ್ಯೂಟರನ್ನು ಶುರು ಮಾಡುವ ಬಯೋಸ್ ಬದಲಾದರೂ, ಚಿಪ್‌ಗೆ ಅನುಮಾನ ಬಂದು ಕೀಲಿ ಕೊಡುವುದಿಲ್ಲ. ಆಗ ಒಂದು ನೀಲಿ ಪರದೆ ಬಂದು 48 ಅಂಕಿ ಕೇಳುತ್ತದೆ. ಆ 48 ಅಂಕಿ ಖಾತೆಯಲ್ಲಿ ಉಳಿದಿರುತ್ತದೆ ಅಂತ ಧೈರ್ಯ ಹೇಳಿದ. ಯಾರ ಖಾತೆ ಅಂತ ನೋಡಿದರೆ ಅವನದೇ! ಬೇಗ ಆಗಲಿ ಅಂತ ತನ್ನ ಇಮೇಲ್ ಹಾಕಿಯೇ ಎಲ್ಲ ಶುರು ಮಾಡಿದ್ದ. ನನ್ನ ಮನೆಯ ಬೀಗದ ಕೈ ಬೆಂಗಳೂರಿನ ಬಾಡಿಗೆ ರೂಮಿನಲ್ಲಿ.

ಸರಿ, ಕಾಗದಕ್ಕೆ ಇಳಿಸಲು ಕೂತೆವು. ಕಂಟ್ರೋಲ್ ಪ್ಯಾನೆಲ್‌ನ ಬಿಟ್‌ಲಾಕರ್ ಪುಟದಲ್ಲಿ ರಿಕವರಿ ಕೀ ಬ್ಯಾಕಪ್ ಅಂತ ಇದೆ. ಬೀಗ ಬಿದ್ದ ಡಿಸ್ಕಿನ ಮೇಲೆಯೇ ಫೈಲಾಗಿ ಇಡಲು ಹೋದರೆ ಅದು ಒಪ್ಪುವುದಿಲ್ಲ. ಭತ್ತ ತುಂಬುವ ಪತ್ತಾಯದ ಬೀಗದ ಕೈ ಪತ್ತಾಯದೊಳಗೇ ಇಟ್ಟು ಬಾಗಿಲು ಹಾಕಿದ ಹಾಗೆ ಆಗುತ್ತದಲ್ಲ. ಪ್ರಿಂಟ್ ತೆಗೆದೆವು. ಆರಾರು ಅಂಕಿಯ ಎಂಟು ಗುಂಪು, ಮೇಲೆ ಒಂದು ಗುರುತಿನ ಸಂಖ್ಯೆ. ಹೊಸ ಹಾರ್ಡ್ ಡಿಸ್ಕಿಗೂ ಬಿಟ್‌ಲಾಕರ್ ಹಾಕಿ ಅದರದ್ದೂ ಒಂದು ಹಾಳೆ. ಎರಡೂ ನೋಡಲು ಒಂದೇ ಥರ. ನೀಲಿ ಪರದೆ ಕೇಳುವಾಗ ಈ ಗುರುತಿನ ಸಂಖ್ಯೆಯ ಮೊದಲ ಎಂಟು ಅಕ್ಷರ ತೋರಿಸುತ್ತದೆ, ಹಾಳೆ ಯಾವುದು ಅಂತ ಅದರಿಂದಲೇ ತಿಳಿಯಬೇಕು. ಹುಡುಗ ತನ್ನ ಖಾತೆ ತೆಗೆದು ನನ್ನ ಖಾತೆ ಹಾಕಿಕೊಟ್ಟ.

ಆಮೇಲೆ ಹುಡುಕಿದ್ದು ಜಾಗ. ಇದನ್ನು ಪೇಟೆಯವರು ಯೋಚಿಸುವುದಿಲ್ಲ. ನಮ್ಮಲ್ಲಿ ಜುಲೈ ಬಂತೆಂದರೆ ಚಪ್ಪಲಿಗೆ ಬೂಸ್ಟು, ಬೆಲ್ಟಿಗೆ ಬೂಸ್ಟು, ದೇವರ ಫೋಟೋದ ಹಿಂದೆ ಬೂಸ್ಟು. ಪ್ರಿಂಟರಿನ ಇಂಕು ಥಂಡಿಗೆ ಹರಡುತ್ತದೆ ಅಂತ ನನಗೆ ಗೊತ್ತಿತ್ತು, ಹಳೆಯ ಬಿಲ್ಲುಗಳಲ್ಲಿ ಕಂಡಿದ್ದೆ. ಹಾಗಾಗಿ ಕೈಯಲ್ಲಿ ಇನ್ನೊಂದು ಪ್ರತಿ ಬರೆದೆ. "ಪೆನ್ಸಿಲ್‌ನಲ್ಲಿ ಬರೀರಿ, ಅದು ಹರಡಲ್ಲ" ಅಂದಳು ಹೆಂಡತಿ. ನಾನು ಕೇಳಲಿಲ್ಲ. ಜೆಲ್ ಪೆನ್ನಿನಲ್ಲಿ ದುಂಡಗೆ ಬರೆದೆ. ಮೊದಲಾದರೆ ಒಲೆಯ ಮೇಲಿನ ಅಟ್ಟ ಇತ್ತು, ಹೊಗೆಗೆ ಎಲ್ಲವೂ ಬೆಚ್ಚಗೆ ಇರುತ್ತಿತ್ತು. ಗ್ಯಾಸ್ ಬಂದ ಮೇಲೆ ಅಟ್ಟವೂ ಥಂಡಿ. ಸ್ಟೀಲ್ ಡಬ್ಬಿಯಲ್ಲಿ ನಾಲ್ಕು ನುಸಿಗುಳಿಗೆ ಹಾಕಿ, ಪಾಸ್‌ಬುಕ್ಕುಗಳ ಜೊತೆ ಇಟ್ಟೆ. ಪ್ರಿಂಟ್ ತೆಗೆದ ಹಾಳೆಗಳನ್ನು ತಂಗಿಗೆ ಕೊಟ್ಟೆ, ಶಿವಮೊಗ್ಗದ ವಿನೋಬನಗರದಲ್ಲಿ ಅವಳ ಮನೆ. ಅವಳು ಅದನ್ನು ಲ್ಯಾಮಿನೇಶನ್ ಮಾಡಿಸಿ ರೇಷನ್ ಕಾರ್ಡಿನ ಜೊತೆ ಇಟ್ಟಳು. ನಮ್ಮಿಬ್ಬರನ್ನು ಬಿಟ್ಟು ಬೇರೆಯವರಿಗೆ ಅದು ಏನೆಂದು ತಿಳಿಯುವುದಿಲ್ಲ. ಆದರೆ ಹೆಂಡತಿಗೆ ಕೂರಿಸಿ ಹೇಳಿದೆ. ನಾನೇ ಇಲ್ಲದೆ ಹೋದರೆ ತೋಟದ ಲೆಕ್ಕ ಅವಳಿಗೆ ಬೇಡವೇ?

ಬರೆದಿದ್ದು ಸರಿ ಇದೆಯೇ ಅಂತ ನೋಡಲು ಹುಡುಗ ಒಂದು ಉಪಾಯ ಹೇಳಿಕೊಟ್ಟಿದ್ದ. ಆರು ಅಂಕಿಯ ಪ್ರತಿ ಗುಂಪೂ 11ರಿಂದ ಸರಿಯಾಗಿ ಭಾಗವಾಗಬೇಕು. ಶೇಷ ಉಳಿದರೆ ಬರೆದಿದ್ದು ತಪ್ಪು. ಅದನ್ನು ಹಾಗೆಯೇ ಮಾಡಿಟ್ಟಿದ್ದಾರೆ. ಎಂಟೂ ಗುಂಪನ್ನು ಭಾಗಿಸಿ ನೋಡಿದೆ, ಅಡಕೆ ಲೆಕ್ಕಕ್ಕಿಂತ ಖುಷಿಯಾಯಿತು.

2024ರ ಮೇ ತಿಂಗಳಲ್ಲಿ ಸಿಡಿಲು ಬಡಿಯಿತು. ಚಾರ್ಜಿಗೆ ಹಾಕಿದ್ದ ಲ್ಯಾಪ್‌ಟಾಪ್ ಸತ್ತಿತು. ತಪ್ಪು ನನ್ನದೇ, ಗುಡುಗು ಕೇಳಿದ ಕೂಡಲೇ ಪ್ಲಗ್ ಕೀಳಬೇಕಿತ್ತು. ಮದರ್‌ಬೋರ್ಡ್ ಹೋಗಿದೆ, ಡಿಸ್ಕ್ ಸರಿ ಇದೆ ಅಂದರು ಅಂಗಡಿಯಲ್ಲಿ. ಬೋರ್ಡು ಬರುವುದಕ್ಕೆ ಮೂರು ವಾರ. ಜೂನ್‌ನಲ್ಲಿ ತರಲು ಹೋದರೆ ಮೇಜಿನ ಮೇಲೆ ನೀಲಿ ಪರದೆ.

"ಏನೋ ಕೀ ಕೇಳ್ತಿದೆ ಸರ್. ಫಾರ್ಮ್ಯಾಟ್ ಹೊಡೆದು ಕೊಡ್ಲಾ?"

"ಮುಟ್ಬೇಡ ಮಾರಾಯ!" ಅಂದೆ. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಮನೆಗೆ ತಂದೆ. ಕರೆಂಟಿಲ್ಲ. ಟವರಿಲ್ಲ. ತಂಗಿಗೆ ಫೋನ್ ಮಾಡುವ ಹಾಗಿಲ್ಲ, ಖಾತೆ ತೆರೆದು ನೋಡುವ ಹಾಗಿಲ್ಲ. ಬ್ಯಾಟರಿ ಎಷ್ಟು ಹೊತ್ತು ಬರುತ್ತದೋ ತಿಳಿಯದು. ಡಬ್ಬಿ ತೆಗೆದೆವು. ಹೆಂಡತಿ ಟಾರ್ಚ್ ಹಿಡಿದು ಓದುವುದು, ನಾನು ಒತ್ತುವುದು. ಐದನೇ ಗುಂಪಿಗೆ ಅವಳು ನಿಂತಳು.

"ಇದು ಮೂರೋ ಎಂಟೋ ಗೊತ್ತಾಗ್ತಿಲ್ಲ ರೀ. ಇಂಕು ಹರಡಿದೆ."

ಪೆನ್ಸಿಲ್ ಅಂದಿದ್ದೆ ಅಂತ ಅವಳು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಆಗ 11ರ ಲೆಕ್ಕ ನೆನಪಾಯಿತು. ನಿಜವಾದ ಅಂಕಿ ಇಲ್ಲಿ ಬರೆಯುವುದಿಲ್ಲ. 503723 ಅಂತ ಇಟ್ಟುಕೊಳ್ಳಿ, ಅದರ ಮೂರನೇ ಅಂಕಿ ಕಾಣುತ್ತಿಲ್ಲ. ಒಂದು ಬಿಟ್ಟು ಒಂದು ಕೂಡಬೇಕು. 5, 3, 2 ಕೂಡಿದರೆ 10. ಉಳಿದ 0, 7, 3 ಕೂಡಿದರೂ 10. ಎರಡೂ ಸಮ ಬಂದರೆ, ಇಲ್ಲವೇ 11ರ ಅಥವಾ 22ರ ವ್ಯತ್ಯಾಸ ಬಂದರೆ, ಸರಿ. ಮೂರರ ಜಾಗಕ್ಕೆ ಎಂಟು ಹಾಕಿ ನೋಡಿ, 15 ಮತ್ತು 10. ಆಗಲಿಲ್ಲ. ನಾವೂ ಹಾಗೆಯೇ ಕ್ಯಾಲೆಂಡರಿನ ಹಿಂದೆ ಕೂಡಿ ಕಳೆದು ನೋಡಿದೆವು. ಮೂರೇ.

ಕೊನೆಯ ಗುಂಪು ಒತ್ತಿ ಎಂಟರ್ ಹೊಡೆದೆ. ವೃತ್ತ ತಿರುಗಿತು. ನನ್ನ ಹೆಸರು ಬಂತು.

ಮೊದಲು ತೆರೆದದ್ದು ಮಳೆ ಫೈಲ್. 1984ರಿಂದ 2012, ನಡುವೆ ಮೂರು ವರ್ಷ ಖಾಲಿ, ಮತ್ತೆ 2016ರಿಂದ. ಮಾರನೆಯ ದಿನ ಸ್ವಿಚ್ ಹಾಕಿದರೆ ಮತ್ತೆ ನೀಲಿ ಪರದೆ! ಹೊಸ ಚಿಪ್‌ಗೆ ಪರಿಚಯ ಮಾಡಿಸಬೇಕಂತೆ. ಟವರ್ ಬಂದ ಮೇಲೆ ಹುಡುಗ ಫೋನಿನಲ್ಲೇ ಹೇಳಿದ, ಬಿಟ್‌ಲಾಕರನ್ನು ಸಸ್ಪೆಂಡ್ ಮಾಡಿ ಮತ್ತೆ ರೆಸ್ಯೂಮ್ ಮಾಡಿದೆ. ಆಮೇಲೆ ಕೇಳಲಿಲ್ಲ. ಹೆಂಡತಿ ಅಷ್ಟರಲ್ಲಿ ಎಂಟೂ ಗುಂಪನ್ನು ಬೇರೆ ಹಾಳೆಗೆ ಪೆನ್ಸಿಲ್‌ನಲ್ಲಿ ಬರೆದು ಡಬ್ಬಿಗೆ ಹಾಕಿದ್ದಳು.

ಈ ಗಡಿಬಿಡಿಯಲ್ಲಿ ಅಂಗಡಿಗೆ ಹೋದ ದಿನ ಬೆಳಿಗ್ಗೆ ಮಳೆ ಅಳೆಯುವುದು ತಪ್ಪಿಹೋಗಿತ್ತು. ಮಾರನೆಯ ದಿನ ಎಂಟೂವರೆಗೆ ಹೋಗಿ ನೋಡಿದರೆ ಮಾಪಕದಲ್ಲಿ ಎರಡು ದಿನದ ನೀರು ಸೇರಿಕೊಂಡಿತ್ತು. ಅದನ್ನೇ ಅಳೆದು, ಪಕ್ಕದಲ್ಲಿ "ಎರಡು ದಿನದ್ದು" ಅಂತ ಬರೆದೆ.